ಡೈರಿ ಎದುರಿನ ಮನೆಯ ವೈಫೈ

“ಫೋನಿಗೆ ಬರುತ್ತೆ, ಲ್ಯಾಪ್‌ಟಾಪಿಗೆ ಬರಲ್ಲ.” ಈ ಒಂದು ಮಾತು ಕೇಳಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಎರಡಕ್ಕೂ ಬರದಿದ್ದರೆ ನೆಮ್ಮದಿ. ಎಲ್ಲೋ ಕೇಬಲ್ಲು ಹರಿದಿದೆ, ಹುಡುಕು, ಜೋಡಿಸು, ಮುಂದಿನ ಮನೆಗೆ ಹೊರಡು. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿದ್ದರೆ ಕೂರಬೇಕು, ಯೋಚಿಸಬೇಕು. ಕೂರುವುದು ನನಗೆ ಒಗ್ಗದ ಕೆಲಸ. ನಮ್ಮವ್ವ ಈಗಲೂ ನನ್ನನ್ನು ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದೇ ಬಯ್ಯುತ್ತಾಳೆ.

ಭಾರತೀನಗರದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಆಫೀಸೊಂದರಲ್ಲಿ ರಿಪೇರಿ ನೋಡುವವಳು ನಾನು. ಕಬ್ಬಿನ ಸೀಸನ್ ಬಂತೆಂದರೆ ನಮಗೆ ಉಸಿರಾಡಲೂ ಬಿಡುವಿಲ್ಲ. ಕಬ್ಬು ತುಂಬಿದ ಟ್ರಾಕ್ಟರು ಫ್ಯಾಕ್ಟರಿ ಕಡೆಗೆ ಹೋದ ದಾರಿಯಲ್ಲೆಲ್ಲ ನಮ್ಮ ಕೇಬಲ್ಲು ಹರಿದು ನೇತಾಡುತ್ತಿರುತ್ತದೆ. ಅಂಥ ದಿನಗಳಲ್ಲೇ ಈ ದೂರು ಬಂತು.

ಮನೆ ಇದ್ದದ್ದು ಮಳವಳ್ಳಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ, ಹಾಲಿನ ಡೈರಿಯ ಎದುರಿಗೇ. ಮುಂದೆ ಉದ್ದನೆಯ ಜಗಲಿ. ಮನೆಯಲ್ಲಿ ಮೂರೇ ಜನ: ಅತ್ತೆ, ಸೊಸೆ, ಮಗ. ಮಗನಿಗೆ ಸಕ್ಕರೆ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಸೊಸೆ ಮಂಡ್ಯದವಳು, ಡಿಗ್ರಿ ಮುಗಿಸಿದವಳು. ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು, ಮೈಸೂರಿನ ಆಸ್ಪತ್ರೆಯೊಂದಕ್ಕೆ ಬರುವ ಕರೆಗಳನ್ನು ತೆಗೆದುಕೊಂಡು, ರೋಗಿಗಳಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಕೊಡುವುದು ಅವಳ ಕೆಲಸ. ಲ್ಯಾಪ್‌ಟಾಪ್ ಅವಳಿಗೆ ಕೆಲಸ ಕೊಟ್ಟ ಕಂಪನಿಯದು. ಐದಕ್ಕೆ ಲಾಗಿನ್ ಆಗದಿದ್ದರೆ ಅವತ್ತು ಗೈರುಹಾಜರಿ.

ಮೊದಲ ಸಲ ನಾನು ಹೋದದ್ದು ಮಧ್ಯಾಹ್ನ. ಸೊಸೆ ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಹಲಗೆ ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ನಾನು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದಳು.

“ಅಕ್ಕಾ, ವೈಫೈ ಕನೆಕ್ಟ್ ಆಗಿದೆ ಅಂತಾನೇ ತೋರಿಸುತ್ತೆ. ಇಂಟರ್ನೆಟ್ ಮಾತ್ರ ಇಲ್ಲ. ನಿನ್ನೆ ಲಾಗಿನ್ ಆಗೋಕಾಗ್ಲಿಲ್ಲ. ಮೊಬೈಲ್ ನೆಟ್ ಹಾಕ್ಕೊಳ್ಳೋಣ ಅಂದ್ರೆ ಈ ಗೋಡೆಗಳ ಒಳಗೆ ಒಂದು ಕಡ್ಡಿ ಸಿಗ್ನಲ್ಲೂ ಬರಲ್ಲ.”

ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. “ಒಸಿ ಚೆನ್ನಾಗ್ ನೋಡವ್ವಾ. ನಮ್ ಉಡ್ಗಿ ಕೆಲ್ಸುಕ್ಕೆ ತೊಂದ್ರೆ ಆಗ್ಬಾರ್ದು. ಈ ಊರಲ್ಲಿ ಮನೇಲ್ ಕುಂತು ಆಸ್ಪತ್ರೆ ಕೆಲ್ಸ ಮಾಡೋಳು ಇವ್ಳೊಬ್ಳೇ ಕಣವ್ವ.”

ಆ ಮಾತಿನಲ್ಲಿದ್ದ ಹೆಮ್ಮೆ ನನಗೆ ಇಷ್ಟವಾಯಿತು. ಕಾಫಿ ಮಾತ್ರ ಬೇಡ ಎಂದೆ. ಕಾಫಿ ಕುಡಿಯಲು ಕೂತರೆ ಅದೊಂದು ಗಂಟೆ.

ಲ್ಯಾಪ್‌ಟಾಪಿನಲ್ಲಿ ಮೊದಲು ಅದಕ್ಕೆ ಸಿಕ್ಕಿರುವ ನಂಬರು ನೋಡಿದೆ. ರೂಟರು ತನ್ನ ಬಳಿ ಬರುವ ಪ್ರತಿ ಫೋನಿಗೂ ಲ್ಯಾಪ್‌ಟಾಪಿಗೂ ಒಂದೊಂದು ನಂಬರು ಕೊಡುತ್ತದೆ. ನಂಬರಿದ್ದವರಿಗಷ್ಟೇ ಇಂಟರ್ನೆಟ್. ಎಷ್ಟು ಕೇಳಿದರೂ ನಂಬರು ಸಿಗದಿದ್ದರೆ ಲ್ಯಾಪ್‌ಟಾಪು ೧೬೯ರಿಂದ ಶುರುವಾಗುವ ಒಂದು ನಂಬರನ್ನು ತಾನೇ ಹಚ್ಚಿಕೊಂಡು ಸುಮ್ಮನಾಗುತ್ತದೆ. ಅದರಿಂದ ಏನೂ ನಡೆಯುವುದಿಲ್ಲ. ಇಲ್ಲಿ ಇದ್ದದ್ದು ಅದೇ ನಂಬರು. ಅತ್ತೆಯವರ ಫೋನು ಇಸಿದುಕೊಂಡು ನೋಡಿದರೆ ವಿಡಿಯೋ ಸರಾಗವಾಗಿ ಓಡುತ್ತಿತ್ತು. ಅಲ್ಲಿಗೆ ರೂಟರು ಸರಿಯಿದೆ, ಲ್ಯಾಪ್‌ಟಾಪೇ ಸರಿಯಾಗಿ ಕೇಳುತ್ತಿಲ್ಲ ಎಂದು ತೀರ್ಮಾನಿಸಿದೆ. ನನ್ನ ಫೋನನ್ನೂ ಒಮ್ಮೆ ಜೋಡಿಸಿ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದರಲ್ಲಿ ನಮ್ಮ ಓನರು ಒಂದೇ ಸಮ ಕರೆ ಮಾಡುತ್ತಿದ್ದರು, ಅದಕ್ಕೆ ಬಿಡುವೇ ಇರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಹಳೆಯ ವೈಫೈ ಹೆಸರನ್ನು ಅಳಿಸಿ ಹೊಸದಾಗಿ ಸೇರಿಸಿದೆ. ಬ್ಯಾಟರಿ ಉಳಿಸಲೆಂದು ವೈಫೈಯನ್ನು ಮಲಗಿಸುವ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ತೆಗೆದೆ. ವೈಫೈ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಬದಲಿಸೋಣವೆಂದರೆ ಕಂಪನಿಯವರು ಬೀಗ ಹಾಕಿದ್ದರು. ಅವರ ಕಂಪ್ಯೂಟರ್ ವಿಭಾಗದವನಿಗೆ ಸೊಸೆ ಫೋನ್ ಮಾಡಿದಳು. ಅವನು, “ಇಂಟರ್ನೆಟ್ ಆನ್ ಮಾಡಿ ಮೇಡಂ, ನಾನು ಇಲ್ಲಿಂದಲೇ ನೋಡ್ತೀನಿ” ಎಂದ. ಅದು ಆನ್ ಆಗುವುದಾದರೆ ನಿನಗ್ಯಾಕಪ್ಪಾ ಫೋನ್ ಮಾಡುತ್ತಿದ್ದೆವು ಎಂದು ನಾನು ಜೋರಾಗಿಯೇ ಅಂದೆ. ಕೊನೆಗೆ ಎಲ್ಲ ಸೆಟ್ಟಿಂಗೂ ಒಟ್ಟಿಗೆ ಹಿಡಿಯಲಿ ಎಂದು ಲ್ಯಾಪ್‌ಟಾಪನ್ನೂ ರೂಟರನ್ನೂ ಆಫ್ ಮಾಡಿ ಆನ್ ಮಾಡಿದೆ. ಇಂಟರ್ನೆಟ್ ಬಂತು. ಬ್ಯಾಟರಿ ಉಳಿಸುವ ಆ ಸೆಟ್ಟಿಂಗಿನದೇ ಕಿತಾಪತಿ ಎಂದು ಹೇಳಿ, ಗೆದ್ದವಳಂತೆ ಹೊರಟೆ.

ನಾಲ್ಕೈದು ದಿನ ಸುದ್ದಿಯಿಲ್ಲ. ಆಮೇಲೆ ಮತ್ತೆ ಕರೆ. ವಾರದ ರಜೆ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಮತ್ತದೇ ಗೋಳು. ಐದು ಗಂಟೆಗೆ ಅವಳೇ ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದಾಳೆ, ಉಪಯೋಗವಾಗಿಲ್ಲ. ಈ ಸಲ ಅವಳ ಮೇಲಿನವರು ಎಚ್ಚರಿಕೆ ಕೊಟ್ಟಿದ್ದರು: ಇನ್ನೊಂದು ಸಲ ಹೀಗಾದರೆ ಲ್ಯಾಪ್‌ಟಾಪನ್ನು ವಾಪಸ್ ಕಳಿಸಬೇಕು, ಮನೆಯಿಂದ ಕೆಲಸ ಬಂದ್.

ಮತ್ತೆ ಮಧ್ಯಾಹ್ನವೇ ಹೋದೆ. ಈ ಸಲ ರೂಟರಿನ ಮೇಲೆ ಅನುಮಾನ ಪಟ್ಟೆ. ಡೈರಿಯಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ರೂಟರುಗಳಿದ್ದವು, ಎಲ್ಲವೂ ಒಂದೇ ಚಾನೆಲ್ಲಿನಲ್ಲಿ ಗಲಾಟೆ ಮಾಡುತ್ತಿರಬಹುದು ಎಂದು ಚಾನೆಲ್ ಬದಲಿಸಿದೆ. ನಡುಮನೆಯಲ್ಲಿದ್ದ ರೂಟರನ್ನು ಕಿತ್ತು ಅವಳ ಕೋಣೆಯ ಬಾಗಿಲ ಮೇಲಕ್ಕೆ ತಂದು ಮೊಳೆ ಹೊಡೆದೆ. ಗೋಡೆ ಕೊರೆದ ಧೂಳು ತಲೆ ತುಂಬ. ಆಫ್ ಮಾಡಿ ಆನ್ ಮಾಡಿದೆ. ಇಂಟರ್ನೆಟ್ ಬಂತು. ಓನರಿಗೆ ಫೋನ್ ಮಾಡಿ, ಚಾನೆಲ್ಲಿನ ಪ್ರಾಬ್ಲಂ ಎಂದೆ. “ಮೊನ್ನೆ ಬ್ಯಾಟ್ರಿ ಅಂದಿದ್ದೆ ಕಣಮ್ಮ” ಎಂದರು ಅವರು. ಮೈ ಉರಿಯಿತು. ಅವರು ಹೇಳಿದ್ದು ಸುಳ್ಳಲ್ಲ ಎಂಬುದೇ ಉರಿಗೆ ಕಾರಣ.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಬೇರೆ ಮನೆಯಲ್ಲಿ ಕೇಬಲ್ ಜೋಡಿಸುವಾಗಲೂ ಅದೇ ಯೋಚನೆ. ಏನು ಮಾಡಿದರೂ ಸರಿಹೋಗುತ್ತದೆ ಎಂದರೆ ನಾನು ಮಾಡಿದ್ದು ಯಾವುದೂ ಸರಿಯಲ್ಲ ಎಂದೇ ಅರ್ಥ. ಎರಡು ಸಲವೂ ಬೇರೆ ಬೇರೆ ಕೆಲಸ ಮಾಡಿದ್ದೆ. ಎರಡು ಸಲವೂ ತಪ್ಪದೆ ಮಾಡಿದ್ದು ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದೊಂದೇ. ನಾನು ಮಾಡಿದರೆ ಬರುತ್ತದೆ, ಸೊಸೆ ಅದನ್ನೇ ಸಂಜೆ ಮಾಡಿದರೆ ಬರುವುದಿಲ್ಲ. ನನ್ನ ಕೈಯಲ್ಲೇನು ಮಂತ್ರದಂಡವಿದೆಯೇ?

ಮುಂದಿನ ವಾರ, ರಜೆಯ ಮರುದಿನ, ಸೊಸೆ ಬೆಳಿಗ್ಗೆಯೇ ಫೋನ್ ಮಾಡಿದಳು. “ಅಕ್ಕಾ, ಈಗ್ಲೇ ತೆಗೆದು ನೋಡ್ದೆ. ಬರ್ತಿಲ್ಲ. ಇವತ್ತು ಐದಕ್ಕೆ ಆಗ್ಲಿಲ್ಲ ಅಂದ್ರೆ ಮುಗೀತು.” ಊಟಕ್ಕೆ ಮೊದಲೇ ಬರುತ್ತೇನೆಂದು ಹೇಳಿ ಹೊರಟರೆ, ದಾರಿಯಲ್ಲಿ ಕಬ್ಬಿನ ಟ್ರಾಕ್ಟರಿನ ಹಿಂದಿನ ಟ್ರೇಲರು ತಿರುವಿನಲ್ಲಿ ಮಗುಚಿಕೊಂಡಿತ್ತು. ರಸ್ತೆ ತುಂಬ ಕಬ್ಬು. ಅದರ ಜೊತೆಗೇ ನಮ್ಮ ಮುಖ್ಯ ಕೇಬಲ್ಲೂ ಹರಿದು ಬಿದ್ದಿತ್ತು. ಅದನ್ನು ಬಿಟ್ಟು ಹೋಗುವ ಹಾಗಿಲ್ಲ, ಅದು ಸರಿಯಾಗದೆ ಆ ಊರಿಗೇ ಇಂಟರ್ನೆಟ್ ಇಲ್ಲ. ಕಂಬದ ಮೇಲೆ ಕೂತು ಕೂದಲೆಳೆಯಂಥ ತಂತಿ ಜೋಡಿಸುತ್ತ ಸೂರ್ಯನನ್ನು ನೋಡುತ್ತಿದ್ದೆ, ಗಡಿಯಾರ ನೋಡಲು ಧೈರ್ಯವಿರಲಿಲ್ಲ.

ನಾನು ಆ ಮನೆ ಮುಟ್ಟುವ ಹೊತ್ತಿಗೆ ಡೈರಿಯಲ್ಲಿ ಸಂಜೆಯ ಹಾಲು ಹಾಕುವುದು ಶುರುವಾಗಿತ್ತು. ಹಿಂದೆ ಎರಡು ಸಲವೂ ಖಾಲಿಯಿದ್ದ ಆ ಬೀದಿ ನನಗೆ ಗುರುತೇ ಸಿಗಲಿಲ್ಲ. ಡೈರಿ ಬಾಗಿಲಿನಿಂದ ಕ್ಯಾನುಗಳ ಸಾಲು. ಹಾಲು ಹಾಕಿದವರು, ಹಾಕಬೇಕಾದವರು ಎಲ್ಲ ಈ ಮನೆಯ ಜಗಲಿಯ ಮೇಲೆ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಫೋನು, ತಗ್ಗಿಸಿದ ತಲೆ. ಅವರನ್ನು ದಾಟಿಕೊಂಡು ಒಳಗೆ ಹೋಗುವಾಗ ಒಬ್ಬ ಯಜಮಾನರು ನನ್ನ ಟೂಲ್ ಬ್ಯಾಗ್ ನೋಡಿ, “ಏನವ್ವಾ, ನೆಟ್ಟೋಳಾ ನೀನು? ನಂಗೊಂದ್ ಬತ್ತಾನೇ ಇಲ್ಲ, ಸುಮ್ಕೆ ತಿರುಗ್ತಾ ಕುಂತದೆ. ಇವ್ರಿಗೆಲ್ಲಾ ಬತ್ತಾ ಅದೆ” ಎಂದರು.

ನಾನು ಹೊಸ್ತಿಲ ಮೇಲೆ ಹಾಗೇ ನಿಂತೆ. ನನ್ನ ಫೋನು ತೆಗೆದು ಆ ಮನೆಯ ವೈಫೈಗೆ ಜೋಡಿಸಿದೆ. ಅದೂ ತಿರುಗುತ್ತ ಕೂತಿತು. ನಂಬರು ಸಿಗಲಿಲ್ಲ.

ನಮ್ಮ ಓನರು ಮನೆ ಪ್ಯಾಕೇಜಿನ ರೂಟರುಗಳನ್ನು ಇಪ್ಪತ್ತೇ ನಂಬರು ಕೊಡುವ ಹಾಗೆ ಕಟ್ಟುಮಾಡಿ ಇಟ್ಟಿದ್ದಾರೆ. ಒಂದು ಸಂಸಾರಕ್ಕೆ ಇಪ್ಪತ್ತು ಧಾರಾಳವಾಯಿತು. ಒಮ್ಮೆ ಕೊಟ್ಟ ನಂಬರು ಒಂದು ದಿನದವರೆಗೆ ಆ ಫೋನಿನದೇ, ಫೋನಿನವರು ಮನೆಗೆ ಹೋಗಿ ಉಂಡು ಮಲಗಿದರೂ ಸರಿ. ಹೀಗಾಗಿ ಡೈರಿಗೆ ಬರುವ ಫೋನುಗಳೇ ಇಪ್ಪತ್ತನ್ನೂ ಹಂಚಿಕೊಂಡು ಕೂತಿದ್ದವು. ಸೊಸೆ ದಿನಾ ಐದಕ್ಕೆ ಸರಿಯಾಗಿ ಕೂತರೆ ಅವಳ ಹಳೆಯ ನಂಬರೇ ಮುಂದುವರಿಯುತ್ತಿತ್ತು. ಒಂದು ದಿನ ರಜೆ ಹಾಕಿದಳೋ, ಅದು ಬೇರೆಯವರ ಪಾಲು. ರೂಟರನ್ನು ಆಫ್ ಮಾಡಿದರೆ ಹಳೆಯದೆಲ್ಲ ಮರೆತು ಮೊದಲು ಬಂದವರಿಗೆ ಮೊದಲು ಎಂದು ಮತ್ತೆ ಹಂಚುತ್ತಿತ್ತು. ಮಧ್ಯಾಹ್ನ ನಾನು ಮಾಡಿದಾಗ ಜಗಲಿ ಖಾಲಿ. ಸಂಜೆ ಅವಳು ಮಾಡಿದಾಗ ಜಗಲಿ ತುಂಬ ಜನ.

“ಇವರಿಗೆಲ್ಲ ಪಾಸ್‌ವರ್ಡ್ ಯಾರು ಕೊಟ್ಟದ್ದು?” ಎಂದು ಕೇಳಿದೆ. ಸೊಸೆ ಲ್ಯಾಪ್‌ಟಾಪಿನ ಕಡೆಗೇ ನೋಡುತ್ತಿದ್ದಳು. ಅತ್ತೆ, “ನಾನೇ ಕಣವ್ವ” ಎಂದರು. ಅಷ್ಟೇ. ಅವರು ಏಕೆ ಹೆಚ್ಚು ಮಾತಾಡಲಿಲ್ಲ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಐದಾಗಲು ಇನ್ನು ಕೆಲವೇ ನಿಮಿಷ. ಬಿಟ್ಟಿ ನೆಟ್ಟಿಗೆ ಊರೆಲ್ಲ ಬಂದು ಕೂತಿದೆಯಲ್ಲ ಎಂಬ ಸಿಟ್ಟು ಬೇರೆ. ನನ್ನ ಫೋನಿಗೆ ರೂಟರಿನ ಒಳಕ್ಕೆ ಹೋಗಲು ದಾರಿಯೇ ಇರಲಿಲ್ಲ, ಅತ್ತೆಯವರ ಫೋನನ್ನೇ ಇಸಿದುಕೊಂಡು ಅದರಿಂದ ಸೆಟ್ಟಿಂಗ್ ತೆರೆದೆ.

“ಪಾಸ್‌ವರ್ಡ್ ಬದಲಾಯಿಸ್ತೀನಿ. ಇನ್ಮೇಲೆ ಮನೆಯವರಿಗೆ ಮಾತ್ರ. ಆಗಬಹುದಾ?” ಎಂದೆ.

ಸೊಸೆ ಒಮ್ಮೆ ಅತ್ತೆಯ ಕಡೆ, ಒಮ್ಮೆ ಗಡಿಯಾರದ ಕಡೆ ನೋಡಿ, “ಮಾಡಿ ಅಕ್ಕಾ” ಎಂದಳು.

ಬದಲಾಯಿಸಿ, ಕೊಟ್ಟ ನಂಬರುಗಳೆಲ್ಲ ಬಿಟ್ಟುಹೋಗಲೆಂದು ರೂಟರನ್ನು ಆಫ್ ಮಾಡಿ ಆನ್ ಮಾಡಿದೆ. ಲ್ಯಾಪ್‌ಟಾಪು ತಕ್ಷಣ ನಂಬರು ಹಿಡಿಯಿತು. ಅವಳು ಲಾಗಿನ್ ಆದಳು. ಹೊರಗೆ ಜಗಲಿಯಲ್ಲಿ, “ಲೇ, ನಿಂದೂ ನಿಂತೋಯ್ತೇನ್ಲಾ?” “ಊಂ ಕಣ್ಲಾ, ಎಲ್ಲಾರ್ದೂ ಓಯ್ತು” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ನಗುತ್ತ ಸ್ಕೂಟರ್ ಹತ್ತಿದೆ. ದಾರಿಯಲ್ಲೇ ಓನರಿಗೆ ಫೋನ್ ಮಾಡಿ ಶಹಬ್ಬಾಸ್ ಹೇಳಿಸಿಕೊಂಡೆ.

ಎರಡು ದಿನ ಕಳೆದಿರಬೇಕು. ಈ ಸಲ ಫೋನ್ ಮಾಡಿದ್ದು ಸೊಸೆಯಲ್ಲ, ಅತ್ತೆ.

“ಒಂದ್ಸಲ ಬಂದೋಗವ್ವ. ಮದ್ಯಾನ್ವೇ ಬಾ. ಅವ್ಳು ಮಂಡ್ಯುಕ್ಕೆ ಓಗವ್ಳೆ.”

ನೆಟ್ ಮತ್ತೆ ನಿಂತಿತೇ ಎಂದರೆ ಇಲ್ಲ, ಚೆನ್ನಾಗಿ ಬರುತ್ತಿದೆ. ಮತ್ತೇಕೆ ಎಂದರೆ ಹೇಳುವುದಿಲ್ಲ. ಗೊಣಗಿಕೊಂಡೇ ಹೋದೆ. ಅವರು ನನ್ನನ್ನು ನೇರವಾಗಿ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹಸುವಿಗೆ ಹುಲ್ಲು ಹಾಕುತ್ತ, ನನ್ನ ಮುಖ ನೋಡದೆ ಹೇಳಿದರು.

“ನೆಟ್ಗೆ ನೀನಾಕಿದ್ ಬೀಗ ತಗ್ದ್ಬುಡು ಮಗ.”

“ಅವ್ವಾ, ಬೀಗ ತೆಗೆದ್ರೆ ನಿಮ್ಮ ಸೊಸೆ ಕೆಲಸ ಹೋಗುತ್ತೆ. ಗೊತ್ತಾ?”

“ಬೀಗ ಆಕುದ್ರೂ ಓಯ್ತದೆ ಕಣವ್ವ.”

ಆಮೇಲೆ ನಿಧಾನವಾಗಿ ಎಲ್ಲ ಬಿಚ್ಚಿಟ್ಟರು. ಸೊಸೆ ಈ ಕೆಲಸ ಹಿಡಿದ ಹೊಸದರಲ್ಲಿ ಊರಿನ ಬಾಯಿಗೆ ಬಿದ್ದಿದ್ದಳು. ಗಂಡ ಶಿಫ್ಟಿಗೆ ಹೋದ ಮೇಲೆ ಸಂಜೆ ಕೋಣೆ ಸೇರಿಕೊಂಡು ಯಾರು ಯಾರ ಜೊತೆಗೋ ನಗುನಗುತ್ತಾ ಮಾತಾಡುತ್ತಾಳೆ, ಅದೆಂಥ ಆಸ್ಪತ್ರೆಯೋ ಎಂದು. ಮಾತು ಟೀ ಅಂಗಡಿಗೆ ಹೋಯಿತು, ಅಲ್ಲಿಂದ ಮಗನ ಕಿವಿಗೆ. ಅವನು ಕೆಟ್ಟವನಲ್ಲ, ಆದರೆ ಕಿವಿ ಮೆತ್ತಗೆ. ಇನ್ನೊಂದು ಸಲ ಇಂಥ ಮಾತು ಕೇಳಿದರೆ ಲ್ಯಾಪ್‌ಟಾಪನ್ನು ತಾನೇ ವಾಪಸ್ ಕೊಟ್ಟು ಬರುತ್ತೇನೆ ಎಂದಿದ್ದನಂತೆ.

“ನಾನೇನ್ಮಾಡ್ಲಿ? ಮನೆಮನೆಗೋಗಿ ನಮ್ಮುಡ್ಗಿ ಒಳ್ಳೇಳು ಅನ್ನಾಕಾದದಾ? ಆ ಮೂಲೆ ಮನೆಯೋಳು, ಎಲ್ಲಾರ್ಗಿಂತ ಜಾಸ್ತಿ ಆಡ್ಕೊಂಡೋಳು, ಒಂದಿನ ಪೋನಲ್ಲಿ ನೆಟ್ಟು ಖಾಲಿ ಅಂತ ಕುಂತಿದ್ಲು. ಬಾರವ್ವ, ನಮ್ದೇ ಆಕ್ಕೊ, ಜಗ್ಲಿ ಮ್ಯಾಲ್ ಕುಂತ್ಕೊ ಅಂದೆ. ಅವ್ಳಿಗ್ ಕೊಟ್ಟು ಇನ್ನೊಬ್ರಿಗಿಲ್ಲ ಅನ್ನಾಕಾದದಾ? ಎಲ್ಲಾರ್ಗೂ ಕೊಟ್ಟೆ. ಜಗ್ಲಿ ಮ್ಯಾಲ್ ಕುಂತ್ರೆ ಒಳ್ಗಡೆ ಇವ್ಳು ಮಾತಾಡೋದೆಲ್ಲಾ ಕೇಳ್ತದೆ. ಯಾವ್ ಡಾಕ್ಟ್ರು, ಎಷ್ಟೊತ್ಗೆ, ಏನ್ ಕಾಯ್ಲೆ. ದಿನಾ ಅದೇ. ಒಂದ್ ತಿಂಗ್ಳು ಕೇಳಿ ಕೇಳಿ ಅವ್ರ್ಗೇ ಸಾಕಾಯ್ತು. ನಾನ್ ಒಂದ್ ಮಾತೂ ಆಡ್ಲಿಲ್ಲ ಕಣವ್ವ.”

ನಾನು ಬಿಟ್ಟಿ ನೆಟ್ಟಿನವರು ಎಂದು ಬೈದುಕೊಂಡ ಇಪ್ಪತ್ತು ಜನ ಈ ಹೆಂಗಸು ಕರೆಸಿ ಕೂರಿಸಿದ ಸಾಕ್ಷಿಗಳು.

“ಈಗ?” ಎಂದೆ.

“ನೆಟ್ಟಿಲ್ಲ ಅಂತ ಎಲ್ಲಾ ಟೀ ಅಂಗ್ಡಿ ತಾವ್ಕೆ ಓದ್ರು. ಅವ್ರ್ ನೆಟ್ಟು ಯಾಕ್ ನಿಲ್ಸುದ್ರು, ಒಳ್ಗೆ ಅದೇನ್ ಗುಟ್ಟು ಅಂತ ನಿನ್ನೆ ಆಗ್ಲೇ ಸುರುವಾಗದೆ. ನನ್ ಮಗ ಇನ್ನೂ ಕೇಳಿಲ್ಲ. ನೀನು ಅವ್ಳಿಗೆ ಇದೊಂದೂ ಯೋಳ್ಬ್ಯಾಡ. ತನ್ನ ಬಗ್ಗೆ ಊರು ಇಂಗಂತಿತ್ತು ಅಂತ ಗೊತ್ತಾದ್ರೆ ನೊಂದ್ಕತಳೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟು, ಕೊಟ್ಟಿಗೆಯಿಂದ ಹೊರಗೆ ಬಂದು ಓನರಿಗೆ ಫೋನ್ ಮಾಡಿದೆ. ನಂಬರುಗಳನ್ನು ಐವತ್ತಕ್ಕೆ ಏರಿಸಿ ಕೊಡಿ ಎಂದೆ. ಅದು ಅವರ ಕೈಯಲ್ಲಿತ್ತು. “ಊರಿಗೆಲ್ಲಾ ಹಂಚೋಕೆ ನಾನೇನು ಛತ್ರ ಕಟ್ಸಿದೀನೇನಮ್ಮಾ? ಪಾಸ್‌ವರ್ಡ್ ಹಾಗೇ ಇರ್ಲಿ, ಬಾ. ಇಲ್ಲಿ ಇನ್ನೂ ಎಂಟು ಕಂಪ್ಲೇಂಟ್ ಬಿದ್ದವೆ” ಎಂದು ಇಟ್ಟರು.

ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡಿದೆ. ಓನರ ಮಾತು ಮೀರಿದರೆ ನನಗೆ ಬೈಗುಳ. ಮೀರದಿದ್ದರೆ ಒಬ್ಬಳ ಕೆಲಸ ಹೋಗುತ್ತದೆ, ಅದೂ ನಾನು ಸರಿಮಾಡಿದ್ದರಿಂದಲೇ ಹೋಗುತ್ತದೆ. ಪಾಸ್‌ವರ್ಡ್ ಬದಲಿಸುವುದು ಬಿಟ್ಟು ಬೇರೆ ದಾರಿಯನ್ನೇ ನಾನು ಅವತ್ತು ಯೋಚಿಸಿರಲಿಲ್ಲ. ಅವಸರ ಮತ್ತು ಸಿಟ್ಟು ಎರಡೂ ಸೇರಿ ಕೈಗೆ ಸಿಕ್ಕಿದ್ದನ್ನು ಮಾಡಿಸಿದ್ದವು. ಇಪ್ಪತ್ತನ್ನು ಐವತ್ತು ಮಾಡಲು ನನ್ನಿಂದಾಗದು, ಸರಿ. ಇಪ್ಪತ್ತರಲ್ಲಿ ಒಂದನ್ನು ಕಟ್ಟಿಹಾಕಲು ಯಾರ ಅಪ್ಪಣೆ ಬೇಕು?

ಮತ್ತೆ ಒಳಗೆ ಹೋದೆ. ಪ್ರತಿ ಲ್ಯಾಪ್‌ಟಾಪಿನ ವೈಫೈಗೂ ಹುಟ್ಟುಮಚ್ಚೆಯಂತೆ ಒಂದು ಗುರುತು ಇರುತ್ತದೆ. ಸೊಸೆಯ ಲ್ಯಾಪ್‌ಟಾಪಿನ ಆ ಗುರುತನ್ನು ರೂಟರಿಗೆ ಕೊಟ್ಟು, ಒಂದು ನಂಬರನ್ನು ಅದಕ್ಕೇ ಕಾಯ್ದಿರಿಸಿದೆ. ಅವಳು ವಾರ ಬಿಟ್ಟು ಬಂದರೂ ಅದು ಅವಳದೇ. ಉಳಿದ ನಂಬರುಗಳ ವಾಯಿದೆಯನ್ನು ಒಂದು ದಿನದಿಂದ ಅರ್ಧ ಗಂಟೆಗೆ ಇಳಿಸಿದೆ, ಹಾಲು ಹಾಕಿ ಮನೆಗೆ ಹೋದವರ ನಂಬರು ಆಮೇಲೆ ಬಂದವರಿಗೆ ಸಿಗಲಿ ಎಂದು. ಎಲ್ಲರೂ ಒಟ್ಟಿಗೆ ವಿಡಿಯೋ ನೋಡಿದರೂ ಅವಳ ಕರೆ ತುಂಡಾಗದಂತೆ ಲ್ಯಾಪ್‌ಟಾಪಿಗೆ ಮೊದಲ ಪಾಲು ಕೊಟ್ಟೆ. ಕೊನೆಗೆ ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಮತ್ತೆ ಹಾಕಿದೆ. ಹಾಗೆ ಹಾಕಿದರೆ ಯಾರೂ ಬಂದು ಕೇಳಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ, ಅವರವರ ಫೋನು ತಾನಾಗಿಯೇ ಹಿಡಿಯುತ್ತದೆ.

ಅವತ್ತು ನಾನು ಹೊರಡಲಿಲ್ಲ. ಎರಡು ಸಲ ಮಧ್ಯಾಹ್ನ ನೋಡಿ ಹೋಗಿ ಮುಖಭಂಗವಾಗಿತ್ತು. ಓನರ ಕರೆ ಬಂದರೂ ತೆಗೆಯದೆ ಜಗಲಿಯ ಮೇಲೆ ಕೂತೆ. ಕೂತೆ ಎನ್ನುವುದಕ್ಕಿಂತ ಎದ್ದು ಎದ್ದು ಕೂತೆ ಎನ್ನಬೇಕು. ಸೊಸೆ ಮಂಡ್ಯದಿಂದ ಬಂದಳು, ನನ್ನನ್ನು ನೋಡಿ ಗಾಬರಿಯಾದಳು. ಸುಮ್ಮನೆ ಚೆಕ್ ಮಾಡಲು ಬಂದೆ ಎಂದೆ. ಡೈರಿಯ ಬಾಗಿಲು ತೆಗೆದರು. ಕ್ಯಾನುಗಳು ಬಂದವು. ಅತ್ತೆ ಅಕ್ಕಿಯ ಮೊರ ಹಿಡಿದು ಬಂದು ಕಂಬಕ್ಕೆ ಒರಗಿ ಕೂತರು. ಯಾರದೋ ಫೋನು ಸದ್ದು ಮಾಡಿತು, ಇನ್ನೊಬ್ಬರದೂ. “ಏ, ಬಂತು ಕಣ್ಲಾ!” ಎಂದು ಒಬ್ಬ ಟೀ ಅಂಗಡಿಯ ಕಡೆಗೆ ಕೂಗು ಹಾಕಿದ. ಜಗಲಿ ತುಂಬತೊಡಗಿತು.

ಒಬ್ಬ ಹೆಂಗಸು ಕ್ಯಾನು ಕೆಳಗಿಟ್ಟು ಅತ್ತೆಯವರನ್ನೇ ಕೇಳಿದಳು. “ಅದ್ಯಾಕಕ್ಕ ನಿಲ್ಸಿದ್ರಿ ಎಲ್ಡ್ ದಿನ?”

ಅತ್ತೆ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ, ಆದರೆ ನಾಲ್ಕು ಕಾಳು ಮೊರದಿಂದಾಚೆ ಚೆಲ್ಲಿದವು. ನಾನು ಎದ್ದು ನಿಂತೆ. “ಅವರು ನಿಲ್ಲಿಸಿಲ್ಲ ಕಣಕ್ಕ. ತಪ್ಪು ನಮ್ದು. ನಾನೇ ಏನೋ ಮಾಡೋಕೆ ಹೋಗಿ ಕೆಡಿಸಿಬಿಟ್ಟಿದ್ದೆ. ಇವತ್ತು ಸರಿ ಮಾಡ್ದೆ.”

“ಬರ್ದೋರ್ನ ಯಾಕ್ ಕಳಿಸ್ತಾರೋ ಇವ್ರು!” ಎಂದಳು. ಇನ್ನಿಬ್ಬರು ಸೇರಿಕೊಂಡು ನಮ್ಮ ಆಫೀಸಿನ ಜನ್ಮ ಜಾಲಾಡಿದರು. ಬೇರೆ ದಿನವಾಗಿದ್ದರೆ ನಾನು ಒಂದಕ್ಕೆ ಎರಡು ಹೇಳುತ್ತಿದ್ದೆ. ಅವತ್ತು ಆ ಬೈಗುಳ ಹಿತವಾಗಿಯೇ ಇತ್ತು.

ಐದಾಯಿತು. ಕೋಣೆಗೆ ಹೋಗಿ ನೋಡಿದೆ. ಕಾಯ್ದಿರಿಸಿದ ನಂಬರು ಲ್ಯಾಪ್‌ಟಾಪಿಗೆ ಬಂದಿತ್ತು, ಹೊರಗೆ ಜನ ತುಂಬಿದ್ದರೂ ಅವಳು ಲಾಗಿನ್ ಆಗಿದ್ದಳು. ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು ಮೆಲ್ಲಗೆ ಕೇಳಿದಳು.

“ಅಕ್ಕಾ, ಹೊರಗಿನವರಿಗೂ ಬರ್ತಾ ಇದೆಯಾ?”

“ಬರ್ತಿದೆ.”

“ಅತ್ತೆ ಜಗಲಿ ಮೇಲೆ ಕೂತಿದಾರಾ? ಎರಡು ದಿನದಿಂದ ಆ ಕಡೆಗೇ ಹೋಗಿರಲಿಲ್ಲ.”

“ಕೂತಿದ್ದಾರೆ. ಜಗಲಿ ತುಂಬಿದೆ.”

ಅವಳ ಕಣ್ಣಲ್ಲಿ ನೀರಿತ್ತು. ನಾನು ಯಾವುದನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆನೋ ಅದೆಲ್ಲ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅಷ್ಟರಲ್ಲಿ ಅವಳ ಮೊದಲ ಕರೆ ಬಂತು. ಅವಳು ಎದ್ದು, ಬೀದಿ ಕಡೆಯ ಕಿಟಕಿಯ ಎರಡು ಬಾಗಿಲುಗಳನ್ನೂ ಪೂರ್ತಿ ತೆರೆದಳು. ಬಂದು ಕೂತು ಹೆಡ್‌ಫೋನ್ ಏರಿಸಿಕೊಂಡು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಶುರು ಮಾಡಿದಳು.

“ನಮಸ್ಕಾರ. ಯಾವ ಡಾಕ್ಟರನ್ನ ನೋಡಬೇಕಿತ್ತು, ಹೇಳಿ.”